ಹಳೇ ದೋಣಿ ಕೊಳ್ಳುವ ಮುಂಚೆ ಚುಚ್ಚಿ ನೋಡಿ, ತಟ್ಟಿ ನೋಡಿ

ನನ್ನ ದೋಣಿ ಮರದ್ದು, 22 ಅಡಿ ಉದ್ದ. ನಾನು ಕೊಳ್ಳುವಾಗಲೇ ಅದಕ್ಕೆ 30 ವರ್ಷ ದಾಟಿತ್ತು. ಒಳಗೆ ಕಾಲಿಟ್ಟ ಕೂಡಲೇ ಮರ, ಎಣ್ಣೆ, ಉಪ್ಪು ಬೆರೆತ ವಾಸನೆ ಬಂತು. ಯಾರ್ಯಾರೋ ಹಿಡಿದು ಹಿಡಿದು ಚುಕ್ಕಾಣಿಯ ಹಿಡಿ ನುಣ್ಣಗಾಗಿತ್ತು. ಅಲ್ಲೇ ಮನಸೋತೆ. ನಿಮಗೂ ಹಾಗೇ ಆಗುತ್ತದೆ. ಅದಕ್ಕೇ ಹೋಗುವಾಗ ಕೈಯಲ್ಲೊಂದು ಸ್ಕ್ರೂಡ್ರೈವರ್ ಇರಲಿ.

ಮೊದಲು ಮಳೆನೀರು ನಿಲ್ಲುವ ಮೂಲೆಗಳನ್ನು ಹುಡುಕಿ. ಮರ ಕೊಳೆಯುವುದು ಸಮುದ್ರದ ಉಪ್ಪುನೀರಿಗಿಂತ ಮೇಲಿಂದ ಸೋರುವ ಸಿಹಿನೀರಿನಿಂದಲೇ ಜಾಸ್ತಿ. ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ ಅಂಚು, ಬೋಲ್ಟುಗಳ ಸುತ್ತ, ಗಾಳಿಯಾಡದ ಮುಂದಿನ ಮೂತಿ, ಇಲ್ಲೆಲ್ಲ ಮಾಲೀಕರನ್ನು ಕೇಳಿ ಮೆಲ್ಲಗೆ ಚುಚ್ಚಿ. ಗಟ್ಟಿ ಮರ ಮೊನೆಯನ್ನು ತಡೆಯುತ್ತದೆ. ಕೊಳೆತ ಕಡೆ ಸುಮ್ನೆ ಒಳಗಿಳಿಯುತ್ತದೆ. ಹೊಸ ಬಣ್ಣ ಹೊಳೆಯುತ್ತಿತ್ತು ಅಂತ ನಾನು ಚುಚ್ಚಲಿಲ್ಲ. ಆಮೇಲೆ ಮೂತಿಯ ಹತ್ತಿರ ಒಂದು ಹಲಗೆ ಬಿಚ್ಚಿದರೆ, ಹಲಗೆಗಳನ್ನು ಒಳಗಿನಿಂದ ಹಿಡಿದಿಡುವ ಮೂರು ಮರದ ಪಕ್ಕೆಲುಬು ಕೈಗೆ ಪುಡಿಪುಡಿಯಾಗಿ ಬಂದವು. ಆ ವರ್ಷ ದೋಣಿ ನೀರಿಗೇ ಇಳಿಯಲಿಲ್ಲ.

ಫೈಬರ್ ದೋಣಿಯಾದರೆ ಡೆಕ್ಕನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ‘ಟಕ್ ಟಕ್’ ಅನ್ನುತ್ತಿದ್ದದ್ದು ‘ದಬ್’ ಅಂದ ಕಡೆ ಫೈಬರ್ ಪದರಗಳ ನಡುವಿನ ಮರ ನೀರು ಕುಡಿದಿರಬಹುದು.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬನ್ನಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅದಕ್ಕೆ ನೀರು ಸೇರಿದೆ.

ಇನ್ನು ಖರ್ಚು. ದೋಣಿ ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನು ಸಾಕುವುದು ಅಗ್ಗವಾಗುವುದಿಲ್ಲ. ಬಣ್ಣ, ಹಗ್ಗ, ಲಂಗರು, ನಿಲ್ಲಿಸುವ ಜಾಗ, ಇವೆಲ್ಲ ದೋಣಿಯ ಅಳತೆ ನೋಡುತ್ತವೆ, ನೀವು ಕೊಟ್ಟ ಬೆಲೆಯನ್ನಲ್ಲ. ಅದೇ ಆಕಾರದ ದೋಣಿ ಎರಡರಷ್ಟು ಉದ್ದವಾದರೆ ಬಣ್ಣ ಬಳಿಯುವ ಜಾಗ ನಾಲ್ಕರಷ್ಟು, ತೂಕ ಸುಮಾರು ಎಂಟರಷ್ಟು. ಹಾಗಾಗಿ ಮೊದಲ ದೋಣಿ ಚಿಕ್ಕದಿರಲಿ. ತಳದ ಲೋಹಕ್ಕೆ ತುಕ್ಕು ಹಿಡಿಯದಂತೆ ಕಟ್ಟುವ ಸತುವಿನ ತುಂಡನ್ನು ಅರ್ಧ ಸವೆದಾಗಲೇ ಬದಲಿಸಿ. ಚಿಕ್ಕ ಖರ್ಚು, ಆದರೆ ಮರೆತರೆ ಪ್ರೊಪೆಲರ್ರೇ ಹಾಳಾಗುತ್ತದೆ.

ಬಹಳ ದಿನ ದಡದಲ್ಲಿದ್ದ ಮರದ ದೋಣಿ ನೀರಿಗಿಳಿದಾಗ ಸೋರುತ್ತದೆ, ಗಾಬರಿ ಬೇಡ. ಒಣಗಿ ಕುಗ್ಗಿದ ಹಲಗೆಗಳು ನೀರು ಕುಡಿದು ಉಬ್ಬಿ ಸಂದು ಮುಚ್ಚಿಕೊಳ್ಳಬೇಕು. ಮೊದಲ ರಾತ್ರಿ ಮಾತ್ರ ಪಂಪು ಇಟ್ಟುಕೊಂಡು ಜೊತೆಗೇ ಇರಿ. ನಾನು ಗಂಟೆಗೊಮ್ಮೆ ಎದ್ದು ನೀರು ಹೊಡೆದೆ. ಎರಡನೇ ದಿನ ಬೆಳಗ್ಗೆ ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ತಳ ಬರೀ ಒದ್ದೆಯಾಗಿತ್ತು.