ಕಪ್ ಒಳಗೇ ಉಳಿದುಬಿಟ್ಟರೆ?

ಮುಟ್ಟಿನ ರಕ್ತ ಹಿಡಿಯಲು ಯೋನಿಯೊಳಗೆ ಇಟ್ಟುಕೊಳ್ಳುವ ಪುಟ್ಟ ಮೆತ್ತನೆಯ ಬಟ್ಟಲು, ಅಂದರೆ ಮುಟ್ಟಿನ ಕಪ್‌ನ ಮಾತು ಬಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ ಇದು. ಉತ್ತರವನ್ನೂ ಮೊದಲೇ ಹೇಳಿಬಿಡುತ್ತೇನೆ: ಒಳಗೆ ಕಳೆದುಹೋಗಲು ಅಲ್ಲಿ ದಾರಿಯೇ ಇಲ್ಲ. ಯೋನಿಯ ಉದ್ದ ಸುಮಾರು 7ರಿಂದ 10 ಸೆಂಟಿಮೀಟರ್. ಅದರ ತುದಿಯಲ್ಲಿ ಗರ್ಭಕೋಶದ ಬಾಯಿ. ಆ ಬಾಯಿಯ ರಂಧ್ರ ಕೆಲವೇ ಮಿಲಿಮೀಟರ್. 4 ಸೆಂಟಿಮೀಟರ್ ಅಗಲದ ಕಪ್ ಅದರೊಳಗೆ ನುಸುಳುವುದು ಹೇಗೆ?

ಹಾಗೆಂದು ಎಚ್ಚರವೇ ಬೇಡ ಎನ್ನುತ್ತಿಲ್ಲ. ಹೆದರಬೇಕಿಲ್ಲದ್ದಕ್ಕೆ ಹೆದರಿ, ಗಮನ ಕೊಡಬೇಕಾದ್ದನ್ನು ಮರೆಯುವವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಕೇರಳದ ಆಲಪ್ಪುಳದಲ್ಲಿ 2019ರಲ್ಲೇ ನಗರಸಭೆ ಮಹಿಳೆಯರಿಗೆ ಕಪ್ ಹಂಚಿತು. ನಮ್ಮಲ್ಲಿ 2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ‘ಮೈತ್ರಿ’ ಹೆಸರಿನಲ್ಲಿ ಪ್ರಯೋಗ ಶುರುವಾಯಿತು. ಕಪ್ ಕೈಗೆ ಬಂದರೆ ಸಾಲದು, ಅದನ್ನು ಬಳಸುವ ಕ್ರಮವೂ ಗೊತ್ತಿರಬೇಕು.

ಕೊಳ್ಳುವ ಮುನ್ನ

ಕಾಪರ್-ಟಿ, ಅಂದರೆ ವಂಕಿ, ಹಾಕಿಸಿಕೊಂಡಿದ್ದೀರಾ? ಹಾಗಿದ್ದರೆ ವೈದ್ಯರನ್ನು ಕೇಳದೆ ಕಪ್ ಮುಟ್ಟಬೇಡಿ. ವಂಕಿಯ ದಾರ ಗರ್ಭಕೋಶದ ಬಾಯಿಯಿಂದ ಕೆಳಗೆ ಇಳಿಬಿದ್ದಿರುತ್ತದೆ. ಕಪ್ ತೆಗೆಯುವಾಗ ದಾರ ಬೆರಳಿಗೆ ಸಿಕ್ಕಬಹುದು. ಕಪ್ ಗೋಡೆಗೆ ಕಚ್ಚಿಕೊಂಡಿರುವಾಗ ಹಾಗೇ ಎಳೆದರೆ ಆ ಸೆಳೆತಕ್ಕೂ ವಂಕಿ ಜರುಗಬಹುದು. ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2019ರಲ್ಲಿ ಪ್ರಕಟವಾದ ಸಮೀಕ್ಷೆ 43 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಸುಮಾರು 3,300 ಮಹಿಳೆಯರು, ಹುಡುಗಿಯರು ಅವುಗಳಲ್ಲಿ ಭಾಗವಹಿಸಿದ್ದರು. ಕಪ್ ಸುರಕ್ಷಿತ ಎಂದೇ ಅದು ಹೇಳಿತು. ಜೊತೆಗೆ ವಂಕಿ ಜಾರಿಬಂದ 13 ಪ್ರಕರಣಗಳನ್ನೂ ದಾಖಲಿಸಿತು. ನಮ್ಮಲ್ಲಿ ಹೆರಿಗೆಯಾದ ಕೂಡಲೇ ವಂಕಿ ಹಾಕಿಸಿಕೊಂಡವರು ಬಹಳ ಮಂದಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಬಾಣಂತಿಯರು ಕನಿಷ್ಠ ಆರು ವಾರ ಕಾದು, ವೈದ್ಯರು ಒಪ್ಪಿದ ಮೇಲೆ ಬಳಸಬಹುದು. ಗರ್ಭಕೋಶ ಜಾರಿದವರು, ಯೋನಿಯಲ್ಲಿ ಸೋಂಕು ಇರುವವರು ಸಹ ಕೇಳಿಯೇ ಮುಂದುವರಿಯಬೇಕು. ಮದುವೆಯಾಗದ ಹುಡುಗಿಯರು ಬಳಸಬಹುದೇ? ಬಳಸಬಹುದು, ಸಣ್ಣ ಅಳತೆಯದನ್ನು ಕೊಳ್ಳಲಿ. ಕನ್ಯಾಪೊರೆ ಹಿಗ್ಗಬಹುದು, ತುಸು ಹರಿಯಲೂಬಹುದು. ಅದನ್ನು ನೋಡಿ ಯಾರ ನಡತೆಯನ್ನೂ ಯಾರೂ ಹೇಳಲಾರರು.

ಕುದಿಸುವುದು

ಪ್ರತಿ ಮುಟ್ಟಿನ ಮೊದಲು ಮತ್ತು ಮುಗಿದ ಮೇಲೆ ಕಪ್ಪನ್ನು ಐದು ನಿಮಿಷ ಕುದಿಸಿ. ಕಪ್ ಮುಳುಗಿ ಇನ್ನೂ ಮೇಲೆ ನೀರಿರಬೇಕು. ಅದಕ್ಕೆಂದೇ ಒಂದು ಪಾತ್ರೆ ಎತ್ತಿಟ್ಟುಕೊಳ್ಳುವುದು ಒಳ್ಳೆಯದು. ನಾನು ಮೊದಲ ತಿಂಗಳು ಹಳೆಯ ಹಾಲಿನ ಪಾತ್ರೆಯಲ್ಲಿ ಕಪ್ ಹಾಕಿ, ಒಲೆ ಹಚ್ಚಿ, ಧಾರಾವಾಹಿಯ ಮುಂದೆ ಕುಳಿತೆ. ನೀರು ಆರಿ, ತಳ ಹತ್ತಿ, ಎಂಥದೋ ಕಮಟು ವಾಸನೆ ಹಜಾರಕ್ಕೆ ಬಂದಾಗಲೇ ನೆನಪಾದದ್ದು. ಕಪ್‌ನ ಅಂಚು ಕಂದು ಬಣ್ಣಕ್ಕೆ ತಿರುಗಿ ಒಂದು ಕಡೆ ಸೊಟ್ಟಗಾಗಿತ್ತು. ಅಂಥದನ್ನು ಮತ್ತೆ ಬಳಸಬಾರದು, ಎಸೆದೆ. ಪಾತ್ರೆ ಸುಟ್ಟದ್ದು ಏಕೆ ಎಂದು ಅತ್ತೆ ಕೇಳಿದ್ದಕ್ಕೆ ಹೇಳಿದ ಸುಳ್ಳು ಇಲ್ಲಿ ಬೇಡ. ಈಗ ಕಪ್ಪನ್ನು ಹಳೆಯ ಚಹಾ ಜರಡಿಯಲ್ಲಿಟ್ಟು ನೀರಿಗೆ ಇಳಿಸುತ್ತೇನೆ, ತಳಕ್ಕೆ ತಾಗುವುದಿಲ್ಲ.

ಬೋರ್‌ವೆಲ್ ನೀರಾದರೆ ಕಪ್ ಮೇಲೆ ಬಿಳಿ ಪುಡಿಯಂತೆ ಕೂರುತ್ತದೆ. ಅದು ನೀರಿನ ಸುಣ್ಣ. ಕುಡಿಯಲು ಸೋಸಿದ ನೀರಿನಲ್ಲಿ ಕುದಿಸಿದರೆ ಆ ಗೋಜಿಲ್ಲ. ನೆಲ ಒರೆಸುವ ಫಿನಾಯಿಲ್, ಗಾಯ ತೊಳೆಯುವ ಔಷಧ ಯಾವುದನ್ನೂ ಕಪ್‌ಗೆ ಹಾಕಬೇಡಿ. ಸುವಾಸನೆಯಿಲ್ಲದ ಸೋಪು ಸಾಕು, ಅದೂ ಚೆನ್ನಾಗಿ ತೊಳೆದುಹೋಗಬೇಕು.

ಹಾಕಿಕೊಳ್ಳುವುದು

ಸೋಪು ಹಚ್ಚಿ ಕೈ ತೊಳೆಯಿರಿ, ಉಗುರು ಕತ್ತರಿಸಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಪ್‌ನ ಬಾಯಿಯನ್ನು ಒತ್ತಿ ಚಪ್ಪಟೆ ಮಾಡಿ ಅರ್ಧಕ್ಕೆ ಮಡಚಿ, ಇಲ್ಲವೇ ಅಂಚಿನ ಒಂದು ಬದಿಯನ್ನು ಬೆರಳಿನಿಂದ ಒಳಕ್ಕೆ ಅದುಮಿ. ಎರಡನೆಯದರಲ್ಲಿ ತುದಿ ಚೂಪಾಗುವುದರಿಂದ ಹೊಸಬರಿಗೆ ಸುಲಭ. ಕುಕ್ಕರಗಾಲಿನಲ್ಲಿ ಕುಳಿತು, ಬೆನ್ನಿನ ಬುಡದ ಕಡೆಗೆ ಓರೆಯಾಗಿ ತಳ್ಳಿ, ನೆಟ್ಟಗೆ ಮೇಲಕ್ಕಲ್ಲ. ಒಣಗಿದಂತಿದ್ದರೆ ಅಂಚನ್ನು ನೀರಿನಲ್ಲಿ ಒದ್ದೆ ಮಾಡಿ. ಎಣ್ಣೆ, ವ್ಯಾಸಲಿನ್ ಬೇಡ. ಒಳಗೆ ಬಿಟ್ಟ ಮೇಲೆ ಬುಡದ ಸುತ್ತ ಬೆರಳಾಡಿಸಿ. ಮಡಿಕೆ ಸಿಕ್ಕಿದರೆ ಕಪ್ ಅರಳಿಲ್ಲ ಎಂದರ್ಥ. ತುಸು ತಿರುಗಿಸಿ.

ಸರಿಯಾಗಿ ಕುಳಿತ ಕಪ್ ಇದೆಯೆಂದೇ ಅನ್ನಿಸುವುದಿಲ್ಲ. ನೋವು, ಮೂತ್ರಕ್ಕೆ ಹೋಗಲು ಕಷ್ಟ, ಪಕ್ಕೆಯಲ್ಲಿ ಸೆಳೆತ ಇದ್ದರೆ ತೆಗೆದುಬಿಡಿ. ಡೆನ್ಮಾರ್ಕ್‌ನ ಮಹಿಳೆಯೊಬ್ಬರಲ್ಲಿ ಜಾಗ ತಪ್ಪಿ ಕುಳಿತ ಕಪ್ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡ ಊದಿಕೊಂಡ ಸಂಗತಿಯನ್ನು ಅಲ್ಲಿನ ವೈದ್ಯರು 2025ರಲ್ಲಿ ವರದಿ ಮಾಡಿದ್ದಾರೆ. ಬಲು ಅಪರೂಪದ್ದು, ಆದರೆ ನೋವನ್ನು ಸಹಿಸಿಕೊಂಡು ಕೂರುವ ನಮ್ಮ ಹಳೆಯ ಚಾಳಿಗೆ ಈ ಉದಾಹರಣೆ ಬೇಕಿತ್ತು.

ತೆಗೆಯುವುದು

ಹೆಚ್ಚಿನ ತಪ್ಪು ಇಲ್ಲೇ ಆಗುವುದು. ಕಪ್‌ಗೊಂದು ಬಾಲವಿದೆ, ಎಳೆಯುವುದಕ್ಕಲ್ಲ, ಕಪ್ ಎಲ್ಲಿದೆ ಎಂದು ಹುಡುಕುವುದಕ್ಕೆ. ಮೊದಲ ಸಲ ನಾನು ಬಾಲ ಹಿಡಿದು ಜಗ್ಗಿ, ಅದು ಜಾರಿ, ಬಚ್ಚಲಲ್ಲೇ ಬೆವೆತು ಅಕ್ಕನಿಗೆ ಫೋನ್ ಮಾಡಿದೆ. ‘ಎಳೆಯಬೇಡ. ಎದ್ದು ಹತ್ತು ನಿಮಿಷ ಓಡಾಡಿ ಬಾ, ಕಪ್ ಎಲ್ಲಿಗೂ ಹೋಗುವುದಿಲ್ಲ’ ಎಂದಳು. ಹೆದರಿದಾಗ ಅಲ್ಲಿನ ಸ್ನಾಯುಗಳು ಬಿಗಿಯುತ್ತವೆ; ಅದಕ್ಕೇ ಆ ಸಲಹೆ. ಮತ್ತೆ ಕುಳಿತಾಗ ಮಲವಿಸರ್ಜನೆಗೆ ಮುಕ್ಕುವಂತೆ ಮೆಲ್ಲನೆ ಮುಕ್ಕಿ, ಕಪ್ ಕೆಳಗಿಳಿಯುತ್ತದೆ. ಬುಡವನ್ನು ಎರಡು ಬೆರಳಿನಿಂದ ಹಿಸುಕಿ. ಗಾಳಿ ಒಳಹೊಕ್ಕು ಕಚ್ಚಿದ್ದು ಬಿಡುತ್ತದೆ. ಆಮೇಲೆ ಅತ್ತಿತ್ತ ಆಡಿಸುತ್ತಾ ನೆಟ್ಟಗೆ ಹಿಡಿದು ಇಳಿಸಿ. ಕಚ್ಚಿದ್ದನ್ನು ಬಿಡಿಸದೆ ತಿಂಗಳು ತಿಂಗಳೂ ಜಗ್ಗುವುದು ಸೊಂಟದ ತಳದ ಸ್ನಾಯುಗಳಿಗೆ ಒಳ್ಳೆಯದಲ್ಲ. ಹೀಗೆ ಬಳಸಿ ಗರ್ಭಕೋಶ ಜಾರಿತೆಂದು ಹೇಳಿಕೊಂಡವರೂ ಇದ್ದಾರೆ.

ಎಷ್ಟು ಹೊತ್ತು?

12 ಗಂಟೆಗಿಂತ ಹೆಚ್ಚು ಬೇಡವೇ ಬೇಡ. ಅದಕ್ಕೂ ಬೇಗ ಖಾಲಿ ಮಾಡಬೇಕು ಎನ್ನುವವರೂ ಇದ್ದಾರೆ. ನಾನು ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುನ್ನ ಹೀಗೆ ಮೂರು ಸಲ ಖಾಲಿ ಮಾಡುತ್ತೇನೆ. ಮಧ್ಯಾಹ್ನ ಕಚೇರಿಯಲ್ಲಿದ್ದರೆ ಕಪ್ ತೊಳೆಯಲು ಒಂದು ಬಾಟಲಿ ಕುಡಿಯುವ ನೀರು ಶೌಚಾಲಯಕ್ಕೆ ಒಯ್ದರೆ ಸಾಕು.

ಈ ಲೆಕ್ಕದ ಹಿಂದಿರುವುದು ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಕಾಯಿಲೆ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಸೇರುವುದರಿಂದ ಬರುತ್ತದೆ. 1980ರ ಸುಮಾರಿಗೆ ಅಮೆರಿಕದಲ್ಲಿ ಟ್ಯಾಂಪೂನ್, ಅಂದರೆ ಯೋನಿಯೊಳಗೆ ಇಟ್ಟು ರಕ್ತ ಹೀರಿಸುವ ಸುರುಳಿ, ಬಳಸುತ್ತಿದ್ದ ಅನೇಕರಿಗೆ ಬಂದು ಹೆಸರಾಯಿತು. ಲ್ಯಾನ್ಸೆಟ್ ಪರಿಶೀಲನೆಯಲ್ಲಿ ಕಪ್ ಬಳಸಿದವರಲ್ಲಿ ಸಿಕ್ಕಿದ್ದು ಐದು ಪ್ರಕರಣ. ಮುಟ್ಟಿನ ದಿನಗಳಲ್ಲಿ ಇದ್ದಕ್ಕಿದ್ದಂತೆ ವಿಪರೀತ ಜ್ವರ, ವಾಂತಿ-ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ಕೆಂಪು ಚರ್ಮ ಕಾಣಿಸಿದರೆ ಕಪ್ ತೆಗೆದು ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಜ್ವರ ಎಂದಷ್ಟೇ ಹೇಳಬೇಡಿ. ಮುಟ್ಟಾಗಿದೆ, ಕಪ್ ಹಾಕಿಕೊಂಡಿದ್ದೆ, ಇಂತಿಷ್ಟು ಹೊತ್ತು ಒಳಗಿತ್ತು ಎಂದು ಬಾಯಿಬಿಟ್ಟು ಹೇಳಿ. ಜೊತೆಗೆ ಅಣ್ಣನೋ ಮಾವನೋ ಬಂದಿದ್ದರೂ ಸರಿಯೇ.