ಒಂದೇ ನಾಯಿ, ಒಂದೇ ಕೋವಿ, ಕಡೆಯ ಒಂದು ಗಂಟೆ

ಈ ಸಲದ ಸೀಸನ್ ಮುಗಿಯಲು 3 ದಿನ ಬಾಕಿ ಇದ್ದಾಗ ನಾನು ಮತ್ತು ನನ್ನ ನಾಯಿ ಕೆಂಚಿ ಒಂದು ಸರ್ಕಾರಿ ಜೌಗಿಗೆ ಇಳಿದು, 50 ನಿಮಿಷದಲ್ಲಿ 3 ಫೆಸೆಂಟ್ (ಕಾಡುಕೋಳಿಯ ಬಳಗದ ಉದ್ದ ಬಾಲದ ಹಕ್ಕಿ) ಹುಂಜ ಹೊಡೆದುಕೊಂಡು ಹತ್ತಿ ಬಂದೆವು. ಮೂರಕ್ಕೆ ಮೂರೇ ಈಡು. ಸೀಸನ್ ಶುರುವಾದ ಅಕ್ಟೋಬರ್ ಮೂರನೇ ಶನಿವಾರದಿಂದ ಜನ ತುಳಿದು ತುಳಿದು ದಾರಿ ಬಿದ್ದಿದ್ದ ಜಾಗ ಅದು. ಇಲ್ಲಿ ಅಮೆರಿಕದ ಸೌತ್ ಡಕೋಟಾದ ಬ್ರೂಕಿಂಗ್ಸ್‌ನಲ್ಲಿ ನನ್ನ ಜೊತೆ ಶಿಕಾರಿಗೆ ಬರುತ್ತಿದ್ದವರೆಲ್ಲ ನಾಲ್ಕು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದರು: ಜನವರಿಯಲ್ಲಿ, ಪಬ್ಲಿಕ್ ಜಾಗದಲ್ಲಿ, ಒಂಟಿ ಮನುಷ್ಯನಿಗೆ ಹಕ್ಕಿ ಸಿಗುವುದಿಲ್ಲ. ಹತ್ತು ಜನ ಸಾಲಾಗಿ ನಡೆಯಬೇಕು, ತುದಿಯಲ್ಲಿ ನಾಲ್ಕು ಜನ ಅಡ್ಡ ನಿಲ್ಲಬೇಕು ಅಂತ. ಸಿಗುತ್ತದೆ. ಹೇಗೆ ಅಂತ ಬರೆಯುತ್ತಿದ್ದೇನೆ.

ಸೌತ್ ಡಕೋಟಾ, ಅಯೋವಾ, ಮಿನಿಸೋಟಾ ಕಡೆ ಕೋವಿ ಹಿಡಿದು ಓಡಾಡುವ ನಮ್ಮವರಿಗಾಗಿ ಬರೆದದ್ದು ಇದು. ಲೈಸೆನ್ಸು, ಚೋಕು, ಚರೆ ನಂಬರು ಎಲ್ಲ ನಿಮಗೆ ಗೊತ್ತಿದ್ದದ್ದೇ. ಊರಿನಲ್ಲಿ ಓದುವವರಿಗೆ ಒಂದು ಮಾತು: 1972ರ ಕಾಯಿದೆ ಬಂದ ಮೇಲೆ ನಮ್ಮಲ್ಲಿ ಕಾಡುಕೋಳಿ, ಚಿಟ್ಟುಕೋಳಿ ಯಾವುದನ್ನೂ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಇಲ್ಲಿನ ಲೆಕ್ಕ ಬೇರೆ. ಫೆಸೆಂಟ್ ಈ ನೆಲದ ಹಕ್ಕಿಯೇ ಅಲ್ಲ, ಚೀನಾದಿಂದ ತಂದು ಬಿಟ್ಟದ್ದು. ಸೌತ್ ಡಕೋಟಾದ ಮೊದಲ ಸೀಸನ್ ಸ್ಪಿಂಕ್ ಕೌಂಟಿಯಲ್ಲಿ 1919ರಲ್ಲಿ ನಡೆಯಿತು. ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಹುಂಜ ಹೊಡೆಯುತ್ತಾರೆ, ಆದರೂ ಕಡಿಮೆಯಾಗಿಲ್ಲ. ಒಂದು ಹುಂಜ ಹಲವು ಹೇಂಟೆಗಳಿಗೆ ಸಾಕು. ಹೇಂಟೆಗೆ ಈಡು ಹಾರಿಸುವ ಹಾಗೇ ಇಲ್ಲ. ದಿನಕ್ಕೆ 3 ಹುಂಜ, ಅಷ್ಟೆ.

ನಮ್ಮದು ತೀರ್ಥಹಳ್ಳಿ ಕಡೆ. ಅಜ್ಜಯ್ಯನ ಜೋಡುನಳಿಗೆ ಕೋವಿ ನಾನು ನೋಡುವ ಹೊತ್ತಿಗೆ ಗದ್ದೆಗೆ ಬಂದ ಹಂದಿ ಬೆದರಿಸಲು ಮಾತ್ರ ಇತ್ತು; ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂರುತ್ತಿತ್ತು. ಆದರೆ ಅವರ ಕಾಲದ ಹಳು ನುಗ್ಗುವ ಕತೆಗಳನ್ನು ಕೇಳಿ ಬೆಳೆದೆ. ಹಾಗಾಗಿ ಇಲ್ಲಿಗೆ ಬಂದವನು ಮೊದಲು ಮಾಡಿದ್ದೂ ಅದನ್ನೇ: ಜನ ಸೇರಿಸಿ, ಗದ್ದಲ ಎಬ್ಬಿಸಿ, ಹುಲ್ಲು ಸೋವುವುದು. ಮೊದಲ ವರ್ಷ ಹನ್ನೊಂದೋ ಹನ್ನೆರಡೋ ಸಲ ಹೋಗಿರಬೇಕು. ನನ್ನ ಪಾಲಿಗೆ ಬಂದದ್ದು 3 ಹುಂಜ. ನಾವು ಟ್ರಕ್ಕಿನ ಬಾಗಿಲು ಹಾಕುತ್ತಿದ್ದ ಹಾಗೇ ಕಾಲು ಮೈಲಿ ಆಚೆಯ ತುದಿಯಿಂದ ಮೂವತ್ತು, ನಲವತ್ತು ಹಕ್ಕಿ ಎದ್ದು ಹೋಗುತ್ತಿದ್ದವು. ಅದನ್ನು ಕಣ್ಣಾರೆ ನೋಡಿಯೂ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷದಲ್ಲಿ ಕಳೆದ ದುಡ್ಡನ್ನು ಹೇಳಿಬಿಡುತ್ತೇನೆ. ಮೊದಲ ನಾಯಿ ಒಂದು ಕಪ್ಪು ಲ್ಯಾಬ್, 900 ಡಾಲರ್. ಒಳ್ಳೆಯ ಮೂಗು, ಕಚ್ಚಿ ತರುವುದರಲ್ಲಿ ಅದರ ಸಮಕ್ಕೆ ಯಾವುದೂ ಇಲ್ಲ. ಆದರೆ ಜಾಡು ಸಿಕ್ಕಿತೋ, ನೂರು ಗಜ ಮುಂದೆ ಓಡಿ ಹಕ್ಕಿ ಎಬ್ಬಿಸಿಬಿಡುತ್ತಿತ್ತು. ಅವಸರಪಟ್ಟು ಅದರ ಕತ್ತಿಗೆ, ಗುಂಡಿ ಒತ್ತಿದರೆ ಶಾಕ್ ಹೊಡೆಯುವ ಕರೆಂಟಿನ ಪಟ್ಟಿ ಕಟ್ಟಿದೆ. ತಪ್ಪಾದ ಹೊತ್ತಿನಲ್ಲಿ ಗುಂಡಿ ಒತ್ತಿದೆ. ನಾಯಿ ಹಕ್ಕಿಯ ವಾಸನೆಗೇ ಹೆದರಿ, ಹುಂಜ ಇರುವ ಪೊದೆ ಬಿಟ್ಟು ಸುತ್ತಿಕೊಂಡು ಹೋಗಲು ಕಲಿಯಿತು. ಆ ತಪ್ಪು ಪೂರ್ತಿ ನನ್ನದು. ಅದು ಈಗ ಮನೆಯಲ್ಲಿ ಮಕ್ಕಳ ಜೊತೆ ಸುಖವಾಗಿದೆ.

ಎರಡನೆಯದು ಕೆಂಚಿ, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್, ಹೆಣ್ಣು, 1200 ಡಾಲರ್. ಅವಳನ್ನು ಒಬ್ಬ ಟ್ರೇನರ್ ಹತ್ತಿರ 3 ತಿಂಗಳು ಬಿಟ್ಟೆ, ತಿಂಗಳಿಗೆ 700ರ ಲೆಕ್ಕ. ವಾಪಸು ಬಂದಾಗ ಕಲ್ಲಿನ ಬಸವನ ಹಾಗೆ ಪಾಯಿಂಟ್ ನಿಲ್ಲುತ್ತಿದ್ದಳು, ಅಂದರೆ ಹಕ್ಕಿಯ ವಾಸನೆ ಬಂದ ಕಡೆ ಮುಖ ಮಾಡಿ ಅಲ್ಲಾಡದೆ ನಿಲ್ಲುವುದು. ನೋಡಲು ಬಹಳ ಚಂದ. ಆದರೆ ಕಲಿತದ್ದೆಲ್ಲ ಪಂಜರದ ಪಾರಿವಾಳ ಮತ್ತು ಸಾಕಿದ ಫೆಸೆಂಟ್ ಮೇಲೆ. ಸಾಕಿದ ಹಕ್ಕಿ ಕೂತಲ್ಲೇ ಕೂರುತ್ತದೆ. ಕಾಡು ಹುಂಜ ಕೂರುವುದಿಲ್ಲ, ಓಡುತ್ತದೆ. ಇವಳು ಖಾಲಿ ಜಾಗ ನೋಡುತ್ತಾ ಒಂದು ಕಾಲು ಎತ್ತಿ ನಿಂತಿರುತ್ತಿದ್ದಳು, ಹುಂಜ ಅಷ್ಟರಲ್ಲಿ ಆಚೆ ಬೇಲಿ ದಾಟಿರುತ್ತಿತ್ತು.

ದುಡ್ಡು ಕೊಟ್ಟು ಖಾಸಗಿ ಜಮೀನಿಗೂ ಹೋದೆ. ಒಂದು ಕೋವಿಗೆ ದಿನಕ್ಕೆ 200 ಡಾಲರ್, ಎರಡು ಸಲ. ಸಿಕ್ಕ ಹುಂಜಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಬಾಲದ ತುದಿ ಸವೆದಿದೆ, ಮೂಗಿನ ಹೊಳ್ಳೆಯಲ್ಲಿ ತೂತು. ಶೆಡ್ಡಿನಲ್ಲಿ ಒಂದನ್ನೊಂದು ಕುಕ್ಕದಿರಲಿ ಅಂತ ಕಣ್ಣಿಗೆ ಅಡ್ಡಪಟ್ಟಿ ಸಿಕ್ಕಿಸಿದ್ದ ಗುರುತು ಅದು. ಎಲ್ಲ ಸೇರಿಸಿದರೆ ಎರಡು ವರ್ಷಕ್ಕೆ ನಾಲ್ಕೂವರೆ ಸಾವಿರ ಡಾಲರ್ ಮೇಲೆ ಹೋಗಿದೆ. ಇಲ್ಲಿ ನೆಲೆಸಿದವರಿಗೆ ಲೈಸೆನ್ಸಿಗೆ ಆಗುವುದು ಮೂವತ್ತು ಚಿಲ್ಲರೆ, ಮೇಲೆ ಹ್ಯಾಬಿಟಾಟ್ ಸ್ಟಾಂಪಿಗೆ (ಪ್ರಾಣಿಪಕ್ಷಿಗಳ ನೆಲೆ ಕಾಯಲು ಕೊಡುವ ಶುಲ್ಕ) 10. ಬೇಟೆಯ ಖರ್ಚು ಅಷ್ಟೇ ಆಗಬೇಕಿತ್ತು.

ಮೂರನೇ ವರ್ಷ ನಾನು ಮಾಡಿದ ಮೊದಲ ಕೆಲಸ, ಕೋವಿಗೆ ತೋಟಾ ಹಾಕದೆ ಒಂದು ತಿಂಗಳು ನಡೆದದ್ದು. ನವೆಂಬರ್ ಇಡೀ. ಕೆಂಚಿ ಪಾಯಿಂಟ್ ನಿಂತಳೆಂದರೆ ನಾನು ಅವಳ ಹಿಂದೆ ಅಲ್ಲಾಡದೆ ನಿಲ್ಲುತ್ತಿದ್ದೆ. "ನಿಲ್ಲು" ಅಂತಲೂ ಹೇಳುತ್ತಿರಲಿಲ್ಲ, "ಹೋಗು" ಅಂತಲೂ ಇಲ್ಲ. ಹುಂಜ ಓಡಿತು ಅನ್ನಿಸಿದಾಗ ಅವಳೇ ಪಾಯಿಂಟ್ ಬಿಟ್ಟು ಹೊರಡಲಿ ಅಂತ ಬಿಟ್ಟೆ. ಟ್ರೇನರ್‌ಗಳ ಶಾಸ್ತ್ರದಲ್ಲಿ ಇದು ಮಹಾಪಾಪ. ಮೊದಮೊದಲು ಜಾಡು ಹಿಡಿದು ನೇರ ಹಿಂಬಾಲಿಸಿ ಎಬ್ಬಿಸಿಬಿಟ್ಟಳು. ಎರಡನೇ ವಾರದ ಕೊನೆಗೆ ಒಂದು ಸಂಜೆ ನೋಡುತ್ತೇನೆ: ಪಾಯಿಂಟ್ ಬಿಟ್ಟವಳು ಎಡಕ್ಕೆ ಅಗಲವಾಗಿ ಸುತ್ತು ಹಾಕಿ, 60 ಗಜ ಮುಂದೆ ಹೋಗಿ, ನನ್ನ ಕಡೆಗೇ ಮುಖ ಮಾಡಿ ನಿಂತಿದ್ದಾಳೆ. ಹುಂಜ ನಮ್ಮಿಬ್ಬರ ನಡುವೆ. ಓಡಲು ದಾರಿಯಿಲ್ಲದೆ ಹುಲ್ಲಿನ ಬುಡಕ್ಕೆ ಅಂಟಿ ಕೂತಿತ್ತು. ನಾನು ಹೋಗಿ ಕಾಲಿನಿಂದ ಎಬ್ಬಿಸಬೇಕಾಯಿತು. ಆ ಹುಂಜ ಕೂಗುತ್ತಾ ಹೋದದ್ದನ್ನು ನೋಡುತ್ತಾ ಖಾಲಿ ಕೋವಿ ಹಿಡಿದು ನಿಂತಿದ್ದೆ. ಇಷ್ಟು ವರ್ಷದ ಶಿಕಾರಿಯಲ್ಲಿ ಅಷ್ಟು ಸಂತೋಷ ಇನ್ಯಾವತ್ತೂ ಆಗಿಲ್ಲ.

ಅಡ್ಡ ನಿಲ್ಲಲು ನಾಲ್ಕು ಜನ ಬೇಕು ಅನ್ನುತ್ತಿದ್ದರಲ್ಲ, ಆ ಕೆಲಸವನ್ನು ನಾಯಿಯೇ ಮಾಡಿತು. ಡಿಸೆಂಬರಿನಿಂದ ತೋಟಾ ಹಾಕಿದೆ, ಆದರೆ ಒಂದು ನೇಮ ಹಾಕಿಕೊಂಡೆ: ಕೆಂಚಿ ಹೀಗೆ ಸುತ್ತು ಹಾಕಿ ಕೂರಿಸಿದ ಹುಂಜಕ್ಕೆ ಮಾತ್ರ ಈಡು. ತಾನಾಗಿ ಎದ್ದದ್ದು 20 ಗಜದಲ್ಲಿದ್ದರೂ ಬಿಡುವುದು. ಆ ಸೀಸನ್‌ನಲ್ಲಿ ಹೀಗೆ ಬಿಟ್ಟ ಹುಂಜ ನಲವತ್ತರ ಹತ್ತಿರ ಇರಬೇಕು. ಸ್ನೇಹಿತರು ತಲೆ ಕೆಟ್ಟಿದೆ ಅಂದರು. ಆದರೆ ನಾಯಿಗೆ ಲೆಕ್ಕ ಸ್ಪಷ್ಟವಾಯಿತು: ಸುತ್ತು ಹಾಕಿದರೆ ಹಕ್ಕಿ ಬಾಯಿಗೆ ಬರುತ್ತದೆ, ಬೆನ್ನಟ್ಟಿದರೆ ಬರುವುದಿಲ್ಲ. ಯಾವ ಕಡೆಯಿಂದ ಸುತ್ತಬೇಕು ಅಂತ ಅವಳಿಗೆ ನಾನು ತಿಳಿಸುವ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಒಂದು ಇಡೀ ಬೇಸಿಗೆ ಕೊಟ್ಟಿದ್ದೇನೆ.

ಇನ್ನು ಸದ್ದು. ಟ್ರಕ್ಕನ್ನು ಜಾಗದ ಪಾರ್ಕಿಂಗ್‌ನಲ್ಲಿ ನಿಲ್ಲಿಸುವುದೇ ಇಲ್ಲ, ಅರ್ಧ ಮೈಲಿ ಆಚೆ. ಬಾಗಿಲು ಒತ್ತಿ ಹಾಕುತ್ತೇನೆ. ಸೀಟಿ ಇಲ್ಲ, ಗೆಜ್ಜೆ ಇಲ್ಲ, ನಾಯಿಯ ಕತ್ತಿನಲ್ಲಿ ಸದ್ದು ಮಾಡುವ ಬೀಪರ್ ಇಲ್ಲ. ಜಿಪಿಎಸ್ ಪಟ್ಟಿ ಇದೆ. ಕೆಂಚಿ ನಿಂತಳೆಂದರೆ ನನ್ನ ಕೈಯಲ್ಲಿರುವುದು ನಡುಗುತ್ತದೆ. ಅದಕ್ಕೆ ಕೊಟ್ಟ 800 ಡಾಲರ್ ಮಾತ್ರ ಪೂರ್ತಿ ವಸೂಲಾಗಿದೆ. ಎಲ್ಲರೂ ಇಳಿಯುವ ಕಡೆಯಿಂದ ಇಳಿಯುವುದಿಲ್ಲ, ಹಿಂಬದಿಯ ಬೇಲಿ ಮಗ್ಗುಲಿನಿಂದ ಬರುತ್ತೇನೆ. ಅದಕ್ಕೆ ಒಮ್ಮೊಮ್ಮೆ ಒಂದೂವರೆ ಮೈಲಿ ಸುತ್ತು ನಡೆಯಬೇಕಾಗುತ್ತದೆ.

ಹೊತ್ತು ಕೂಡ ಮುಖ್ಯ. ಈಡು ಹಾರಿಸಲು ಅನುಮತಿ ಇರುವುದು ಬೆಳಿಗ್ಗೆ 10ರಿಂದ ಸೂರ್ಯ ಮುಳುಗುವವರೆಗೆ. ಎಲ್ಲರೂ 10ಕ್ಕೆ ಹೋಗಿ 2ಕ್ಕೆ ಮನೆ ಸೇರುತ್ತಾರೆ. ನಾನು ಹೊರಡುವುದೇ 3ರ ಮೇಲೆ. ಇದು ಗೊತ್ತಾದದ್ದು ಒಂದು ಅಡ್ಡ ಪರೀಕ್ಷೆಯಿಂದ. ಹೊಡೆದ ಪ್ರತಿ ಹುಂಜದ ಕತ್ತಿನ ಕೆಳಗಿನ ಕಾಳಿನ ಚೀಲವನ್ನು ಸೀಳಿ ನೋಡುವ ಅಭ್ಯಾಸ ಮಾಡಿಕೊಂಡೆ. ಮಧ್ಯಾಹ್ನದ ಹಕ್ಕಿಯಲ್ಲಿ ಅಷ್ಟಿಷ್ಟು ಕಳೆಬೀಜ, ಎಲೆಚೂರು. ಕಡೆಯ ಗಂಟೆಯ ಹಕ್ಕಿಯಲ್ಲಿ ಮೆಕ್ಕೆಜೋಳ ತುಂಬಿ ಬಿರಿಯುತ್ತಿರುತ್ತದೆ. ಒಂದರಲ್ಲಿ 130 ಚಿಲ್ಲರೆ ಕಾಳು ಎಣಿಸಿದ್ದೇನೆ. ಅಂದರೆ ಅವು ಆಗಷ್ಟೇ ಹೊಲದಿಂದ ಮಲಗುವ ಜೊಂಡಿಗೆ ವಾಪಸು ಬಂದಿವೆ. ಕೊಯ್ಲಾದ ಮೆಕ್ಕೆಜೋಳದ ಹೊಲ ಅರ್ಧ ಮೈಲಿಯೊಳಗೆ ಇಲ್ಲದ ಜೌಗಿಗೆ ಈಗ ನಾನು ಕಾಲಿಡುವುದೇ ಇಲ್ಲ.

ಸಂಜೆಯ ಬೇಟೆಯಲ್ಲಿ ಒಂದು ಅಪಾಯ ಇದೆ. ಚಳಿಗಾಲದ ಗಾಳಿ ಹೆಚ್ಚಾಗಿ ವಾಯವ್ಯದಿಂದ, ಸೂರ್ಯ ಮುಳುಗುವುದು ನೈಋತ್ಯದಲ್ಲಿ. ಗಾಳಿಗೆದುರಾಗಿ ನಡೆದರೆ ಎಡಗಣ್ಣಿಗೆ ಬಿಸಿಲು ಹೊಡೆಯುತ್ತದೆ, ಆ ಕಡೆ ಎದ್ದ ಹಕ್ಕಿ ಬರೀ ಕಪ್ಪು ನೆರಳು. ಹುಂಜವೋ ಹೇಂಟೆಯೋ ತಿಳಿಯುವುದಿಲ್ಲ. ಹುಂಜ ಏಳುವಾಗ ಕೂಗುತ್ತದೆ; ಕೂಗದ ಹಕ್ಕಿಗೆ ನನ್ನ ಕೋವಿ ಏಳುವುದಿಲ್ಲ. ಇದರಿಂದ ಎಷ್ಟೋ ಹುಂಜ ತಪ್ಪಿವೆ, ಆದರೆ ಈವರೆಗೆ ಒಂದು ಹೇಂಟೆಯೂ ಬಿದ್ದಿಲ್ಲ.

ಚರೆಯ ವಿಷಯ ಹೆಚ್ಚು ಎಳೆಯುವುದಿಲ್ಲ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಜೌಗುಗಳಲ್ಲಿ ಸೀಸದ ಚರೆ ನಡೆಯುವುದಿಲ್ಲ. ಒಂದು ವರ್ಷ 20 ಬೋರಿನಲ್ಲಿ ಸೀಸದ ಬದಲು ಬಿಸ್ಮತ್ ಲೋಹದ ಚರೆ ಹಾಕಿ ನೋಡಿದೆ. ಬಹಳ ಚೆನ್ನಾಗಿ ಬೀಳಿಸುತ್ತದೆ, ಆದರೆ 25 ತೋಟಾದ ಡಬ್ಬಿಗೆ 50 ಡಾಲರ್ ಮೇಲೆ. ಈಗ 12 ಬೋರು, ಉಕ್ಕಿನ ಚರೆ, ಅಕ್ಟೋಬರಿನಲ್ಲಿ 4 ನಂಬರು, ಜನವರಿಯಲ್ಲಿ ಅದಕ್ಕಿಂತ ದಪ್ಪದ 2. ನಾಯಿ ಸುತ್ತು ಹಾಕಿ ಕೂರಿಸಿದ ಹುಂಜ 25 ಗಜದೊಳಗೆ ಏಳುತ್ತದೆ, ಅದಕ್ಕೆ ಇದು ಧಾರಾಳ.

ಜೌಗು ಗಟ್ಟಿಯಾಗಿ ಹೆಪ್ಪುಗಟ್ಟುವ ಮೊದಲು ಇಳಿಯಬೇಡಿ. ಮಸ್ಕ್‌ರ್ಯಾಟ್ (ನೀರಿನಲ್ಲಿ ಬದುಕುವ ದೊಡ್ಡ ಇಲಿಯಂಥದ್ದು) ಗೂಡಿನ ಸುತ್ತ ಮಂಜುಗಡ್ಡೆ ಯಾವಾಗಲೂ ತೆಳು. ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದ ಒಂದು ದಿನ ಸೊಂಟದವರೆಗೆ ಹೋಗಿದ್ದೇನೆ. ಟ್ರಕ್ಕು ಅರ್ಧ ಮೈಲಿ ಆಚೆ. ಪ್ಯಾಂಟು ಮರದ ಹಲಗೆಯಂತಾಗಿತ್ತು, ಬೆರಳಿಗೆ ಬೀಗದಕೈ ಹಿಡಿಯಲಾಗಲಿಲ್ಲ. ಈಗ ಒಣ ಬಟ್ಟೆ ಚೀಲದಲ್ಲೇ ಇರುತ್ತದೆ. ನಾಯಿಗೆ ಅದಕ್ಕಿಂತ ದೊಡ್ಡ ಶತ್ರು ಹುಲ್ಲಿನ ಮುಳ್ಳುತೆನೆ. ಕೆಂಚಿಯ ಕಾಲ್ಬೆರಳ ಸಂದಿಯಲ್ಲಿ ಹೊಕ್ಕು ಮೇಲಕ್ಕೆ ಹತ್ತಿದ ಒಂದು ತೆನೆಯನ್ನು ತೆಗೆಸಲು ಸುಮಾರು 600 ಡಾಲರ್ ಹೋಯಿತು; ಹೋದದ್ದು ದುಡ್ಡು ಮಾತ್ರ, ನಾಯಿ ಉಳಿಯಿತು. ಪ್ರತಿ ಸಂಜೆ ಮನೆ ಸೇರಿದ ಮೇಲೆ ನನ್ನ ಬೂಟು ಬಿಚ್ಚುವ ಮೊದಲು ಅವಳ ಕಾಲು, ಕಿವಿ, ಕಣ್ಣು, ಬಗಲು ನೋಡುತ್ತೇನೆ.

ಖಾಸಗಿ ಜಮೀನಿನ ಮಾತು. ನನ್ನ ಕೆಲಸ ಮಣ್ಣು ಪರೀಕ್ಷೆಗೆ ಸಂಬಂಧಿಸಿದ್ದು. ಮೊದಲ ವರ್ಷ ಅಕ್ಟೋಬರಿನಲ್ಲಿ ಬಾಗಿಲು ತಟ್ಟಿ ಏಳೆಂಟು ಕಡೆ ಇಲ್ಲ ಅನ್ನಿಸಿಕೊಂಡೆ. ಆ ಹೊತ್ತಿಗೆ ರೈತನ ಮೆಕ್ಕೆಜೋಳ ಇನ್ನೂ ನಿಂತಿರುತ್ತದೆ, ನೆಂಟರಿಷ್ಟರು ಕೋವಿ ಹಿಡಿದು ಬಂದಿರುತ್ತಾರೆ. ಈಗ ಬೇಸಿಗೆಯಲ್ಲೇ ಹೋಗುತ್ತೇನೆ, ಬೇಟೆಯ ಸುದ್ದಿ ಎತ್ತುವುದಿಲ್ಲ. ಅವರ ಅಡುಗೆಮನೆ ಮೇಜಿನ ಮೇಲೆ ಮಣ್ಣಿನ ವರದಿ ಹರಡಿಕೊಂಡು ಎಲ್ಲಿ ಉಪ್ಪು ಏರಿದೆ, ಎಲ್ಲಿ ಸುಣ್ಣ ಬೇಡ ಅಂತ ಹೇಳಿ ಬರುತ್ತೇನೆ. ಡಿಸೆಂಬರಿನಲ್ಲಿ, ಜಿಂಕೆ ಬೇಟೆಯೂ ಮುಗಿದ ಮೇಲೆ, ಹೆಂಡತಿ ಮಾಡಿದ ಕೊಬ್ಬರಿ ಮಿಠಾಯಿ ಡಬ್ಬಿ ಹಿಡಿದು ಹೋಗಿ ಕೇಳುತ್ತೇನೆ. ಹೀಗೆ 5 ಮನೆಯ ಜಮೀನು ಈಗ ನನಗೆ ತೆರೆದಿದೆ, ಒಂದು ಡಾಲರ್ ಇಲ್ಲದೆ. ಒಬ್ಬನೇ ಹೋಗುವುದೂ ಅದಕ್ಕೆ ಕಾರಣ. ಹತ್ತು ಜನರಿಗೆ ಇಲ್ಲ ಅನ್ನುವ ರೈತ ಒಬ್ಬನಿಗೆ, ಒಂದು ನಾಯಿಗೆ ಹೂಂ ಅನ್ನುತ್ತಾನೆ.

ಒಬ್ಬ ಹಿರಿಯರ ಜಮೀನಿನಲ್ಲಿ ಸಿಆರ್‌ಪಿ ಹುಲ್ಲು (ಉಳದೆ ಹುಲ್ಲಿಗೆ ಬಿಟ್ಟರೆ ಸರ್ಕಾರ ರೈತನಿಗೆ ದುಡ್ಡು ಕೊಡುವ ಯೋಜನೆಯದು) 100 ಎಕರೆ ಹತ್ತಿರ ಇತ್ತು. ಹತ್ತು ವರ್ಷದ ಕರಾರು ಮುಗಿದದ್ದೇ ಮಗ ಅದನ್ನು ಉಳುಮೆಗೆ ಹಾಕಿದ. ಅವನದೇ ಜಮೀನು, ಬೆಳೆಗೆ ದರವೂ ಇತ್ತು, ನಾನು ಏನೂ ಅನ್ನುವಂತಿಲ್ಲ. ಆದರೆ ಮುಂದಿನ ಚಳಿಗಾಲ ಪಕ್ಕದ ಸರ್ಕಾರಿ ಜೌಗಿನಲ್ಲೂ ಹಕ್ಕಿ ಅರ್ಧಕ್ಕಿಂತ ಕಡಿಮೆಯಾಯಿತು. ಮರಿ ಮಾಡುವ ಹುಲ್ಲು ಇಲ್ಲದಿದ್ದರೆ ಯಾವ ನಾಯಿಯೂ ಏನೂ ಮಾಡಲಾರದು. ಉಳಿದವರಲ್ಲಿ ಇಬ್ಬರಿಗೆ, ಉಪ್ಪೇರಿ ಹೇಗೂ ಬೆಳೆ ಬಾರದ ಮೂಲೆಗಳನ್ನು ಹುಲ್ಲಿಗೆ ಬಿಡುವಂತೆ ವರದಿ ತೋರಿಸಿ ಒಪ್ಪಿಸಿದ್ದೇನೆ.

ಅಡುಗೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಎದೆಯನ್ನು ಬೇರೆ ಎತ್ತಿಡಿ, ಅದು ಬೇಗ ಒಣಗುತ್ತದೆ. ಹುಂಜದ ಕಾಲಿನ ಹಿಂದಿನ ಮುಳ್ಳು ನೋಡಿ: ಮೊಂಡಾಗಿ ಗಿಡ್ಡಗಿದ್ದರೆ ಎಳೆಯದು, ಹುರಿದುಕೊಳ್ಳಿ, ಚೂಪಾಗಿ ಉದ್ದಗಿದ್ದರೆ ಹಳೆಯದು, ಸಾರಿಗೆ. ಕಾಲಿನಲ್ಲಿ ಕಡ್ಡಿಯಂತಹ ನರಗಳಿವೆ, ಎರಡು ಗಂಟೆ ಸಣ್ಣ ಉರಿಯಲ್ಲಿ ಬೆಂದ ಮೇಲೆ ಎಳೆದು ತೆಗೆದರೆ ಬರುತ್ತವೆ. ಹುರಿದ ಕೊತ್ತಂಬರಿ, ಮೆಣಸು, ಕಾಯಿ ಅರೆದು ಹಾಕಿ ಊರಿನ ಕೋಳಿ ಸಾರಿನ ಹಾಗೇ ಮಾಡಿ, ಜೊತೆಗೆ ಕಡುಬು. ಉಕ್ಕಿನ ಚರೆ ಉಳಿದಿದ್ದರೆ ಹಲ್ಲು ಹೋಗುತ್ತದೆ, ಮಾಂಸವನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿ.

ಈ ಸಲ ಒಟ್ಟು 24-25 ಸಂಜೆ ಹೋದೆ. ನಲವತ್ತರ ಮೇಲೆ ಒಂದೋ ಎರಡೋ ಹುಂಜ, ಅದರಲ್ಲಿ ಮೂರನೇ ಎರಡು ಪಾಲು ಪಬ್ಲಿಕ್ ಜಾಗದ್ದು. ತೋಟಾ ಎಪ್ಪತ್ತರ ಒಳಗೆ. ಗಾಯಗೊಂಡು ಕೈಗೆ ಸಿಗದೆ ಹೋದವು 2. ಒಂದಕ್ಕಾಗಿ ಕತ್ತಲಾಗುವವರೆಗೆ ಹುಡುಕಿ, ಮರುದಿನ ಬೆಳಿಗ್ಗೆ ಕೋವಿ ಇಲ್ಲದೆ ಮತ್ತೆ ಹೋಗಿ ಹುಡುಕಿದೆವು, ಸಿಗಲಿಲ್ಲ. ಕೆಂಚಿಗೆ ಈಗ 6 ತುಂಬಿದೆ. ಅವಳ ಮಗಳೊಂದನ್ನು ಇಟ್ಟುಕೊಂಡಿದ್ದೇನೆ, 8 ತಿಂಗಳಿನದು. ಮೊನ್ನೆ ಕಡೆಯ ಸಂಜೆ ಅವಳನ್ನೂ ಕರೆದೊಯ್ದಿದ್ದೆ. ತಾಯಿ ಪಾಯಿಂಟ್ ಬಿಟ್ಟು ಎಡಕ್ಕೆ ಸುತ್ತು ಹೊರಟಾಗ, ಮರಿ ಯಾರೂ ಹೇಳದೆ ಬಲಕ್ಕೆ ಹೊರಟಿತು.