ಒಂದು ತಾರೀಖು ಹಿಡಿದು ಜರ್ಮನಿಯ ಇತಿಹಾಸ ಓದುವ ಬಗೆ

ಮಂಡ್ಯದ ಕಾಲೇಜಿನಲ್ಲಿ ಎಂ.ಎ. ಮಕ್ಕಳಿಗೆ ಆಧುನಿಕ ಯುರೋಪಿನ ಇತಿಹಾಸ ಹೇಳಿಕೊಡುತ್ತೇನೆ. ಎರಡು ಮಹಾಯುದ್ಧಗಳ ನಡುವಿನ ಜರ್ಮನಿಗೆ ಬಂದಾಗ ಎಲ್ಲರ ಬಾಯಲ್ಲೂ ಒಂದೇ ಕಥೆ. ವರ್ಸೇಲ್ಸ್ ಒಪ್ಪಂದ, ಹಣದುಬ್ಬರ, ಹಿಟ್ಲರ್. ಆದರೆ ಆ ಕಾಲದ ಜನಕ್ಕೆ ಮುಂದೆ ಏನಾಗುತ್ತದೆ ಅಂತ ಗೊತ್ತಿರಲಿಲ್ಲ ಅಲ್ವಾ? ಬೆಳಿಗ್ಗೆ ಪೇಪರ್ ಓದಿ, ಕೆಲಸ ಹುಡುಕಿಕೊಂಡು ಅಲೆದು, ಓಟು ಹಾಕಿ ಬಂದವರು ಅವರು. ಅವರ ಜೊತೆ ಒಂದೊಂದೇ ದಿನ ನಡೆದು ನೋಡಿದರೆ ಮಾತ್ರ ಮೊದಲ ಮಹಾಯುದ್ಧದ ನಂತರ ಬಂದ ವೈಮಾರ್ ಗಣರಾಜ್ಯ ಹೇಗೆ ಕುಸಿಯಿತು ಅನ್ನುವುದು ತಿಳಿಯುತ್ತದೆ. ಅದಕ್ಕೆ ಬೇಕಾದ ಮೂಲ ದಾಖಲೆಗಳು ಈಗ ನಿಮ್ಮ ಫೋನಿನಲ್ಲೇ, ದುಡ್ಡಿಲ್ಲದೆ ಸಿಗುತ್ತವೆ.

ನಾನು ಮಕ್ಕಳಿಗೆ ಮೊದಲು ಹೇಳುವುದು ಇಷ್ಟೇ: ವಿಷಯ ಹಿಡಿಯಬೇಡಿ, ತಾರೀಖು ಹಿಡಿಯಿರಿ. ನನ್ನ ಕ್ಲಾಸಿನಲ್ಲಿ ಅದು 1930ರ ಸೆಪ್ಟೆಂಬರ್ 14. ಅವತ್ತು ಸಂಸತ್ತಿನ ಚುನಾವಣೆ. 1928ರಲ್ಲಿ ಬರೀ 12 ಸ್ಥಾನ ಗೆದ್ದಿದ್ದ ನಾತ್ಸಿ ಪಕ್ಷ ಒಂದೇ ಏಟಿಗೆ 107ಕ್ಕೆ ಏರಿತು. ಆರ್ಥಿಕ ವಿಷಯ ಇಷ್ಟ ಇರುವವರು 1923ರ ನವೆಂಬರ್ ತೆಗೆದುಕೊಳ್ಳಬಹುದು. ಆಗ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್.

ಜರ್ಮನ್ ಬರುವುದಿಲ್ಲ ಅಂತ ಹಿಂಜರಿಯಬೇಡಿ. ಶುರುವನ್ನು ಇಂಗ್ಲಿಷಿನಲ್ಲೇ ಮಾಡಿ. 'ಜರ್ಮನ್ ಹಿಸ್ಟರಿ ಇನ್ ಡಾಕ್ಯುಮೆಂಟ್ಸ್ ಅಂಡ್ ಇಮೇಜಸ್' ಅಂತ ಹುಡುಕಿ. ವಾಷಿಂಗ್ಟನ್ನಿನ ಜರ್ಮನ್ ಇತಿಹಾಸ ಸಂಸ್ಥೆಯ ತಾಣ ಅದು. ವೈಮಾರ್ ಗಣರಾಜ್ಯಕ್ಕೇ ಒಂದು ಪ್ರತ್ಯೇಕ ಭಾಗ ಇದೆ. ಆಯ್ದ ದಾಖಲೆಗಳು ಇಂಗ್ಲಿಷ್ ಅನುವಾದದಲ್ಲಿವೆ, ಪ್ರತಿಯೊಂದಕ್ಕೂ ಚಿಕ್ಕ ಪರಿಚಯ ಇದೆ. ವರ್ಸೇಲ್ಸ್ ಒಪ್ಪಂದದ ಪೂರ್ತಿ ಪಠ್ಯ ಯೇಲ್ ವಿಶ್ವವಿದ್ಯಾಲಯದ ಅವಲಾನ್ ಪ್ರಾಜೆಕ್ಟ್‌ನಲ್ಲಿದೆ. ಯುದ್ಧದ ಹೊಣೆಯನ್ನು ಜರ್ಮನಿಯ ಮೇಲೆ ಹೊರಿಸುವ, ಎಲ್ಲರೂ ಹೆಸರು ಹೇಳುವ 231ನೇ ವಿಧಿಯನ್ನು ಒಮ್ಮೆಯಾದರೂ ಸ್ವತಃ ಓದಿ.

ಇನ್ನೊಂದನ್ನು ನಮ್ಮ ಕಡೆ ಯಾರೂ ಬಳಸುವುದೇ ಇಲ್ಲ: ಹಳೇ ಪತ್ರಿಕೆಗಳು ಸಿಗುವ, ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ತಾಣ ಟ್ರೋವ್. ಜರ್ಮನಿಗೂ ಆಸ್ಟ್ರೇಲಿಯಾಗೂ ಏನು ಸಂಬಂಧ ಅಂತ ಮಕ್ಕಳು ಕೇಳುತ್ತಾರೆ. ಆ ಕಾಲದ ಆಸ್ಟ್ರೇಲಿಯಾದ ಪತ್ರಿಕೆಗಳು ಯುರೋಪಿನ ತಂತಿ ಸುದ್ದಿಯನ್ನು ದಿನಾ ಹಾಕುತ್ತಿದ್ದವು. ಎಲ್ಲವೂ ಇಂಗ್ಲಿಷ್, ಎಲ್ಲವೂ ಉಚಿತ. 1930ರ ಸೆಪ್ಟೆಂಬರ್ 15, 16, 17 ಅಂತ ತಾರೀಖು ಕೊಟ್ಟು, ಜರ್ಮನ್ ಚುನಾವಣೆ ಅಂತ ಇಂಗ್ಲಿಷಿನಲ್ಲಿ ಹುಡುಕಿ. ದೂರದವರ ಕಣ್ಣಿಗೆ ಅದು ಹೇಗೆ ಕಂಡಿತು ಅನ್ನುವುದು ಸಿಗುತ್ತದೆ.

ಆಮೇಲೆ ಜರ್ಮನ್ ಪತ್ರಿಕೆಗೆ ಇಳಿಯಿರಿ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕಾಗುತ್ತದೆ. ಸೋಷಿಯಲ್ ಡೆಮಾಕ್ರಟರ ಪತ್ರಿಕೆ 'ಫೋರ್ವೆರ್ಟ್ಸ್' ಅನ್ನು ಫ್ರೀಡ್ರಿಷ್ ಎಬರ್ಟ್ ಪ್ರತಿಷ್ಠಾನ 1933ರವರೆಗೂ ಸ್ಕ್ಯಾನ್ ಮಾಡಿ ಹಾಕಿದೆ. ವಿಯೆನ್ನಾದ ಪತ್ರಿಕೆಗಳು ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯದ 'ಆನ್ನೊ'ದಲ್ಲಿವೆ. 2021ರಲ್ಲಿ ಶುರುವಾದ ಜರ್ಮನ್ ಪತ್ರಿಕಾ ಪೋರ್ಟಲ್ 'ಡಾಯ್ಚೆಸ್ ತ್ಸೈಟುಂಗ್ಸ್‌ಪೋರ್ಟಾಲ್'ನಲ್ಲಿ ಬೇರೆಬೇರೆ ಗ್ರಂಥಾಲಯಗಳ ಪತ್ರಿಕೆಗಳನ್ನು ಒಟ್ಟಿಗೆ ಹುಡುಕಬಹುದು. ತೊಂದರೆ ಅಕ್ಷರದ್ದು. ಬಹಳಷ್ಟು ಪತ್ರಿಕೆಗಳು ಫ್ರಾಕ್ಟೂರ್ ಅನ್ನುವ ಹಳೇ ಮೊಳೆಯಲ್ಲಿ ಅಚ್ಚಾಗಿವೆ. ಅದರಲ್ಲಿ ಪದದ ನಡುವೆ ಬರುವ 'ಎಸ್' ಉದ್ದಕ್ಕೆ ನಿಂತು 'ಎಫ್' ತರಹವೇ ಕಾಣುತ್ತದೆ. ಕಂಪ್ಯೂಟರೂ ಎಷ್ಟೋ ಸಲ ಹಾಗೇ ಓದಿಬಿಡುತ್ತದೆ. ಉದಾಹರಣೆಗೆ, ವಿದೇಶಾಂಗ ಮಂತ್ರಿಯಾಗಿದ್ದ ಗುಸ್ಟಾವ್ ಸ್ಟ್ರೇಸೆಮಾನ್ 1929ರ ಅಕ್ಟೋಬರ್ 3ರಂದು ತೀರಿಕೊಂಡರು. ಆ ವಾರದ ಪೇಪರಿನಲ್ಲಿ ಅವರ ಹೆಸರು ಹುಡುಕಿ ಏನೂ ಸಿಗದಿದ್ದರೆ, ನಡುವಿನ 'ಎಸ್' ತೆಗೆದು 'ಎಫ್' ಹಾಕಿ, 'ಸ್ಟ್ರೇಫೆಮಾನ್' ಆಗುವ ಹಾಗೆ ಹುಡುಕಿ. ತಪ್ಪಿಹೋಗಿದ್ದ ಪುಟಗಳು ಎದುರಿಗೆ ಬರುತ್ತವೆ. ಕಳೆದ ವರ್ಷ ಮಳವಳ್ಳಿ ಕಡೆಯ ಒಬ್ಬ ಹುಡುಗಿಗೆ ಇದನ್ನು ತೋರಿಸಿದೆ. ಹತ್ತು ನಿಮಿಷದಲ್ಲಿ ಅವಳು ನನಗಿಂತ ಬೇಗ ಪುಟ ತೆಗೆಯುತ್ತಿದ್ದಳು.

ಅನುವಾದಕ್ಕೆ ಫೋನಿನ ಆ್ಯಪ್ ಸಾಕು. ಆದರೆ ಸೀದಾ ಕನ್ನಡಕ್ಕೆ ಹಾಕಬೇಡಿ, ಮೊದಲು ಇಂಗ್ಲಿಷಿಗೆ ಹಾಕಿ. ಒಂದೊಂದೇ ಪ್ಯಾರಾ ಹಾಕಿ. ಪಕ್ಷದ ಹೆಸರು, ಹುದ್ದೆಯ ಹೆಸರು ಬಂದ ಕಡೆ ಮೂಲವನ್ನು ಇನ್ನೊಮ್ಮೆ ನೋಡಿ.

ಪತ್ರಿಕೆ ಆದ ಮೇಲೆ ಸಂಸತ್ತು. ಬವೇರಿಯಾದ ರಾಜ್ಯ ಗ್ರಂಥಾಲಯ ಜರ್ಮನ್ ಸಂಸತ್ತಿನ ನಡಾವಳಿಯನ್ನು 1867ರಿಂದ 1942ರವರೆಗೆ ಸ್ಕ್ಯಾನ್ ಮಾಡಿದೆ. 1930ರ ಅಕ್ಟೋಬರ್ 13 ತೆಗೆಯಿರಿ. ಹೊಸ ಸಂಸತ್ತು ಸೇರಿದ ದಿನ ಅದು. ನಾತ್ಸಿ ಸದಸ್ಯರು ಕಂದು ಅಂಗಿ ಹಾಕಿಕೊಂಡೇ ಒಳಗೆ ಬಂದರು. ಅದೇ ದಿನ ಬರ್ಲಿನ್ನಿನಲ್ಲಿ ಯಹೂದಿಗಳ ಅಂಗಡಿಗಳ ಗಾಜು ಒಡೆದರು. ನಡಾವಳಿಯಲ್ಲಿ ಇರುವುದು ಒಳಗಿನ ಮಾತು, ಪತ್ರಿಕೆಯಲ್ಲಿ ಇರುವುದು ಬೀದಿಯ ಮಾತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಈ ಚುನಾವಣೆ ಬಂದದ್ದಾದರೂ ಯಾಕೆ? ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಬ್ರೂನಿಂಗ್ ಅಧ್ಯಕ್ಷರಿಗೆ ತುರ್ತು ಅಧಿಕಾರ ಕೊಡುವ ಸಂವಿಧಾನದ 48ನೇ ವಿಧಿಯ ಕೆಳಗೆ ತಂದ ತುರ್ತು ಆಜ್ಞೆಯನ್ನು ಸಂಸತ್ತು ಜುಲೈನಲ್ಲಿ ತಳ್ಳಿಹಾಕಿತು. ಸಂಸತ್ತನ್ನೇ ವಿಸರ್ಜಿಸಿದರು. ಆ ಸರ್ಕಾರದ ಸಚಿವ ಸಂಪುಟ ಏನು ಮಾತಾಡಿಕೊಂಡಿತು ಅನ್ನುವುದು ಜರ್ಮನಿಯ ರಾಷ್ಟ್ರೀಯ ಪತ್ರಾಗಾರ, ಅಂದರೆ ಬುಂಡೆಸ್‌ಆರ್ಕೀಫ್, ಹಾಕಿರುವ 'ಆಕ್ಟನ್ ಡೆರ್ ರೈಷ್ಸ್‌ಕಾನ್ಸ್‌ಲಾಯ್' (ಚಾನ್ಸಲರ್ ಕಚೇರಿಯ ಕಡತಗಳು) ಸಂಪುಟಗಳಲ್ಲಿದೆ. ಅಡಿಟಿಪ್ಪಣಿ ಬಿಡಬೇಡಿ. ಅರ್ಧ ಸಂಶೋಧನೆ ಅಲ್ಲೇ ಆಗಿಹೋಗಿರುತ್ತದೆ.

ಚಿತ್ರ ಬೇಕಾದರೆ ಇದೇ ಪತ್ರಾಗಾರ ವಿಕಿಮೀಡಿಯ ಕಾಮನ್ಸ್‌ಗೆ ಕೊಟ್ಟ ಫೋಟೋಗಳಿವೆ. ಅಡಿಬರಹವನ್ನು ಸುಮ್ನೆ ನಂಬಬೇಡಿ. ಎಷ್ಟೋ ಕಡೆ ಆ ಕಾಲದ ಅಡಿಬರಹವನ್ನೇ ಉಳಿಸಿಕೊಂಡಿದ್ದಾರೆ, ಅದರಲ್ಲಿ ಪ್ರಚಾರದ ಸುಳ್ಳೂ ಇರಬಹುದು. ನಾತ್ಸಿ ಪ್ರಚಾರ ಸಾಹಿತ್ಯವನ್ನೇ ಓದಬೇಕಾದವರಿಗೆ ಅಮೆರಿಕದ ಕಾಲ್ವಿನ್ ವಿಶ್ವವಿದ್ಯಾಲಯದ ಜರ್ಮನ್ ಪ್ರೊಪಗಾಂಡಾ ಆರ್ಕೈವ್‌ನಲ್ಲಿ ಇಂಗ್ಲಿಷ್ ಅನುವಾದಗಳಿವೆ. 1933ಕ್ಕೆ ಮುಂಚಿನವೂ ಇವೆ. ಯಹೂದಿ ಕುಟುಂಬಗಳ ಪತ್ರ, ನೆನಪುಗಳಿಗೆ ಲಿಯೋ ಬೆಕ್ ಸಂಸ್ಥೆಯ ಸಂಗ್ರಹ ನೋಡಿ. ಪ್ರಚಾರ ಓದಿದ ದಿನವೇ ಇದನ್ನೂ ಓದಿ ಅಂತ ನಾನು ಹಟ ಹಿಡಿದು ಹೇಳುತ್ತೇನೆ.

ಏನೇ ಸಿಕ್ಕರೂ ಪತ್ರಿಕೆ ಹೆಸರು, ತಾರೀಖು, ಬೆಳಗಿನ ಆವೃತ್ತಿಯೋ ಸಂಜೆಯದೋ, ಪುಟ, ಕೊಂಡಿ ಇಷ್ಟನ್ನೂ ಆಗಲೇ ಬರೆದಿಡಿ. ಬರೀ ಸ್ಕ್ರೀನ್‌ಶಾಟ್ ಇದ್ದರೆ ಪ್ರಬಂಧ ಬರೆಯುವಾಗ ಪ್ರಯೋಜನಕ್ಕೆ ಬರುವುದಿಲ್ಲ.

ಪಿಎಚ್‌.ಡಿ. ಆಸೆ ಇರುವವರಿಗೆ ಒಂದು ಮಾತು. ಕಾಗೋಡು ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದ ಲೋಹಿಯಾ ನಮಗೆಲ್ಲ ಗೊತ್ತು. 1930ರ ಈ ಚುನಾವಣೆಯ ಹೊತ್ತಿಗೆ ಅವರು ಬರ್ಲಿನ್ನಿನಲ್ಲಿ ಓದುತ್ತಿದ್ದರು. ವೀರೇಂದ್ರನಾಥ ಚಟ್ಟೋಪಾಧ್ಯಾಯರೂ ಆ ಊರಿನಲ್ಲೇ ಸಾಮ್ರಾಜ್ಯಶಾಹಿ ವಿರೋಧಿ ಕೆಲಸ ನಡೆಸುತ್ತಿದ್ದರು. ಇಂಥವರ ಜಾಡು ಹಿಡಿಯಲು ಎರಡು ಬಾಗಿಲುಗಳಿವೆ. ಒಂದು, ಜರ್ಮನ್ ಪತ್ರಾಗಾರಗಳಲ್ಲಿ ಭಾರತದ ಬಗ್ಗೆ ಏನೇನಿದೆ ಅಂತ ಪಟ್ಟಿ ಮಾಡುವ 'ಮಿಡಾ' ಯೋಜನೆಯ ದತ್ತಾಂಶ. ಇನ್ನೊಂದು, ನಮ್ಮ ರಾಷ್ಟ್ರೀಯ ಅಭಿಲೇಖಾಲಯದ 'ಅಭಿಲೇಖ್ ಪಟಲ್'. ಬ್ರಿಟಿಷ್ ಸರ್ಕಾರ ಬರ್ಲಿನ್ನಿನ ಭಾರತೀಯರ ಮೇಲೆ ಕಣ್ಣಿಟ್ಟು ಬರೆಸಿದ ಕಡತಗಳನ್ನು ಅಲ್ಲಿ ಹುಡುಕಿ. ಹೆಸರುಗಳ ಸ್ಪೆಲಿಂಗ್ ಕಡತದಿಂದ ಕಡತಕ್ಕೆ ಬದಲಾಗುತ್ತದೆ. 'ಚಟ್ಟೋಪಾಧ್ಯಾಯ' ಸಿಗದಿದ್ದರೆ 'ಚಟ್ಟೋ' ಅಂತಲೂ ಹಾಕಿ ನೋಡಿ.